ನನ್ನನ್ನು ಗೆಲ್ಲಿಸಿದ ರನ್‌ತಕ್ಕಡಿಯವರ ಮೇಲೊಂದು ದೂರು

ಮಾನ್ಯ ರನ್‌ತಕ್ಕಡಿ ಆ್ಯಪ್‌ನವರೇ,

ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ ಓಡಿಸಿಕೊಂಡಿರುವ, ಏಕದಿನ ಕ್ರಿಕೆಟ್ಟನ್ನು ರೇಡಿಯೋ ಕಾಲದಿಂದ ಬಲ್ಲ ಕೋದಂಡರಾಮಯ್ಯನ ಸಾಷ್ಟಾಂಗ ನಮಸ್ಕಾರಗಳು. ತಮಗೆ ಕೈಗಳಿಲ್ಲವಾದ್ದರಿಂದ ಪ್ರತಿನಮಸ್ಕಾರವನ್ನು ನಿರೀಕ್ಷಿಸುವುದಿಲ್ಲ. ತಾವು ಸದಾ ಚಾರ್ಜ್ ತುಂಬಿಕೊಂಡು ಸುಖವಾಗಿದ್ದೀರೆಂದು ನಂಬಿ, ನನ್ನ ಸಂಕಟವನ್ನು ಬಿನ್ನವಿಸಿಕೊಳ್ಳುತ್ತಿದ್ದೇನೆ.

ಮೊದಲು ತಮ್ಮ ಮೇಧಾಶಕ್ತಿಯನ್ನು ಹೊಗಳದಿದ್ದರೆ ನನಗೆ ನಿದ್ದೆ ಬಾರದು. ಎಲ್ಲ ಕಾಲಕ್ಕೂ ದೊಡ್ಡ ಏಕದಿನ ಬ್ಯಾಟ್ಸ್‌ಮನ್ ಯಾರು ಎಂಬ ಪ್ರಶ್ನೆಯನ್ನು ನಾನೂ, ನಮ್ಮ ಮಗ್ಗದ ಮನೆಯ ಎದುರಿಗೆ ನೂಲಿನ ಅಂಗಡಿ ಇಟ್ಟಿರುವ ಅನೀಸ್ ಅಹಮದ್ ಅವರೂ ಮೂವತ್ತು ವರ್ಷ ಜಗ್ಗಾಡಿದರೂ ಬಗೆಹರಿಸಲಾಗಲಿಲ್ಲ. ತಾವು ನಾಲ್ಕು ಸೆಕೆಂಡಿನಲ್ಲಿ ಬಗೆಹರಿಸಿಬಿಟ್ಟಿರಿ. ನನ್ನ ರಿಚರ್ಡ್ಸ್‌ಗೆ ತೊಂಬತ್ನಾಲ್ಕು ಪಾಯಿಂಟ್ ಆರು, ಅವರ ತೆಂಡೂಲ್ಕರ್‌ಗೆ ತೊಂಬತ್ನಾಲ್ಕು ಪಾಯಿಂಟ್ ಎರಡು. ಅಂದರೆ ಗೆದ್ದವನು ನಾನು. ನನ್ನ ದೂರು ಇರುವುದೂ ಆ ಗೆಲುವಿನ ಮೇಲೆಯೇ.

ನಮ್ಮ ಬೀದಿಯ ಪದ್ಧತಿ ತಮಗೆ ತಿಳಿದಿರಲಿಕ್ಕಿಲ್ಲ. ಮಗ್ಗ ಓಡುತ್ತಿರುವಾಗ ಇಲ್ಲಿ ಯಾರೂ ಮಾತಾಡುವುದಿಲ್ಲ. ಕೂಗುತ್ತಾರೆ, ಇಲ್ಲವೇ ಕೈಸನ್ನೆ ಮಾಡುತ್ತಾರೆ. ಕರೆಂಟು ಹೋದಾಗ ಮಾತ್ರ ಇಡೀ ಬೀದಿ ಥಟ್ಟನೆ ಸುಮ್ಮನಾಗುತ್ತದೆ. ಆ ಸದ್ದಡಗಿದ್ದೇ ತಡ, ಅನೀಸ್ ಭಾಯಿ ಅಂಗಡಿಯ ಬಾಗಿಲು ಅರ್ಧ ಎಳೆದು, ಬೀದಿ ದಾಟಿ ನಮ್ಮ ಜಗಲಿಗೆ ಬರುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ, ಶಾರ್ಜಾದಲ್ಲಿ ಮರಳಿನ ಬಿರುಗಾಳಿ ಎದ್ದ ದಿನ ನಮ್ಮ ತೆಂಡೂಲ್ಕರ್ ಬದಲು ನಿಮ್ಮ ರಿಚರ್ಡ್ಸ್ ಇದ್ದಿದ್ದರೆ ಕಣ್ಣುಜ್ಜಿಕೊಂಡು ಪೆವಿಲಿಯನ್‌ಗೆ ಹೋಗಿರುತ್ತಿದ್ದರು ಎಂದು ಶುರು ಮಾಡುತ್ತಿದ್ದರು. ನಾನು ಹೆಲ್ಮೆಟ್ಟಿಲ್ಲದ ಆ ತಲೆಯನ್ನೂ, ಜಗಿಯುತ್ತಿದ್ದ ಆ ಚೂಯಿಂಗ್ ಗಮ್ಮನ್ನೂ, ಒಂಬತ್ತು ವಿಕೆಟ್ ಉರುಳಿದ ಮೇಲೂ ನಿಂತು ಹೊಡೆದು ನೂರ ಎಂಬತ್ತೊಂಬತ್ತು ಮಾಡಿದ್ದನ್ನೂ ಮುಂದಿಡುತ್ತಿದ್ದೆ. ಅವರು ತೆಂಡೂಲ್ಕರ್ ಹೊಡೆದ, ಗಂಡಸರ ಏಕದಿನದ ಮೊಟ್ಟಮೊದಲ ಇನ್ನೂರನ್ನು ಎತ್ತುವಷ್ಟರಲ್ಲಿ ಕರೆಂಟು ಬಂದು ಮಗ್ಗ ಗಡಗಡಿಸುತ್ತಿತ್ತು. ಕೊನೆಯ ಮಾತು ಯಾರದೆಂದು ಯಾರಿಗೂ ಕೇಳಿಸದೆ, ಇಬ್ಬರೂ ಗೆದ್ದವರಾಗಿಯೇ ಕೆಲಸಕ್ಕೆ ಮರಳುತ್ತಿದ್ದೆವು.

ಅನೀಸ್ ಭಾಯಿಯ ಹೆಂಡತಿ ನೂರುನ್ನೀಸಾ ತೀರಿಕೊಂಡ ವರ್ಷ ಅವರು ನನ್ನ ಹತ್ತಿರ ತೆಂಡೂಲ್ಕರ್ ಬಿಟ್ಟು ಬೇರೆ ಏನನ್ನೂ ಮಾತಾಡಲಿಲ್ಲ. ನಾನೂ ಬೇರೆ ಏನನ್ನೂ ಕೇಳಲಿಲ್ಲ. ಇಂಥ ವಿಷಯಗಳಿಗೆ ತಮ್ಮ ಪಟ್ಟಿಯಲ್ಲಿ ಕಾಲಂ ಇದ್ದಂತಿಲ್ಲ.

ಹೀಗಿರುವಾಗ ಅವರ ಮಗಳು ಫರ್ಹಾ, ಅಪ್ಪನಿಗೆ ಉಪಕಾರವಾಗಲೆಂದೇ, ತಮ್ಮನ್ನು ಅವರ ಮೊಬೈಲಿಗೆ ಹಾಕಿಕೊಟ್ಟಳು. ಅನೀಸ್ ಭಾಯಿ ತಾವು ಕೊಟ್ಟ ತೀರ್ಪನ್ನು ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದರು. ಆಮೇಲೆ, "ಲೆಕ್ಕ ಅಂದ್ರೆ ಲೆಕ್ಕ, ರಾಮಯ್ನೋರೆ. ನೀವೇ ಗೆದ್ರಿ. ಇನ್ನೇನಿದೆ ಮಾತಾಡೋಕೆ" ಎಂದು ಎದ್ದು ಹೋದರು. ಅಲ್ಲಿಂದೀಚೆಗೆ ಹನ್ನೊಂದು ಸಲ ಕರೆಂಟು ಹೋಗಿದೆ. ಹನ್ನೊಂದು ಸಲವೂ ಅವರು ತಮ್ಮ ಅಂಗಡಿಯಲ್ಲೇ ಕೂತು, ಜೋಡಿಸಿಟ್ಟ ನೂಲಿನ ಉಂಡೆಗಳನ್ನೇ ಮತ್ತೆ ಜೋಡಿಸಿದ್ದಾರೆ. ನಾನು ಜಗಲಿಯಲ್ಲಿ ಒಬ್ಬನೇ ಕೂತು ಗೆದ್ದಿದ್ದೇನೆ.

ತಮ್ಮ ಲೆಕ್ಕವನ್ನು ಪ್ರಶ್ನಿಸುವಷ್ಟು ಓದಿದವನಲ್ಲ ನಾನು. ಆದರೂ ತಾವು ಭಕ್ತಿಯಿಂದ ಬಳಸುವ 'ಯುಗ ಗುಣಾಂಕ' ಎಂಬ ವಸ್ತುವಿನ ಬಗ್ಗೆ ನೇಕಾರನಾಗಿ ಒಂದು ಮಾತು ಹೇಳಬೇಕು. ಆಗ ಬ್ಯಾಟು ತೆಳ್ಳಗಿತ್ತೆಂದು ಒಬ್ಬರಿಗೆ ಒಂದಿಷ್ಟು ಕೂಡಿಸಿ, ಈಗ ಎರಡು ತುದಿಗೆ ಎರಡು ಹೊಸ ಚೆಂಡು ಬಂದವೆಂದು ಐವತ್ತಕ್ಕೂ ಹೆಚ್ಚು ಶತಕ ಹೊಡೆದ ಕೊಹ್ಲಿಯಿಂದ ಒಂದಿಷ್ಟು ಕಳೆದು, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಿದ್ದೀರಿ. ನಮ್ಮಪ್ಪ ಕೈಮಗ್ಗದಲ್ಲಿ ನೇಯ್ದ ಸೀರೆಯನ್ನೂ ನಾನು ಪವರ್‌ಲೂಮಿನಲ್ಲಿ ನೇಯ್ದ ಸೀರೆಯನ್ನೂ ಹೋಲಿಸಬೇಕಾದರೆ ನಾವು ಗಂಟೆಗೆಷ್ಟು ಗಜ ಎಂದು ಕೇಳುವುದಿಲ್ಲ; ಸೀರೆಯನ್ನು ಮಗುಚಿ ಒಳಮೈ ನೋಡುತ್ತೇವೆ. ಎಲ್ಲಿ ಎಳೆ ಹರಿದಿತ್ತು, ಹರಿದಾಗ ನೇಕಾರ ಏನು ಮಾಡಿದ ಎಂಬುದೆಲ್ಲ ಅಲ್ಲೇ ಇರುತ್ತದೆ. ಸರಾಸರಿ, ಸ್ಟ್ರೈಕ್ ರೇಟ್ ಎಂಬುವೆಲ್ಲ ಸೀರೆಯ ಹೊರಮೈ, ಸ್ವಾಮಿ. ತಮಗೆ ಬೆರಳಿಲ್ಲದ್ದರಿಂದ ಮಗುಚಿ ನೋಡಲಾಗಲಿಲ್ಲ ಎಂದು ತಿಳಿದು ಕ್ಷಮಿಸಿದ್ದೇನೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ನನ್ನ ರಿಚರ್ಡ್ಸ್‌ನ ಅರ್ಧ ಅಂಕವನ್ನು ಯಾರಿಗೂ ತಿಳಿಯದಂತೆ ಕಿತ್ತುಕೊಳ್ಳಬೇಕೆಂದು ಪ್ರಾರ್ಥನೆ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಶಾರ್ಜಾದ ಮರಳನ್ನು ಕಣಕಣವಾಗಿ ಎಣಿಸಿ ತೆಂಡೂಲ್ಕರ್ ಖಾತೆಗೆ ಸೇರಿಸಬಹುದು. ಅದೂ ಆಗದಿದ್ದರೆ, ಮುಂದಿನ ಸಲ ಕರೆಂಟು ಹೋದಾಗ ತಾವೇ ಖುದ್ದಾಗಿ ನಮ್ಮ ಜಗಲಿಗೆ ದಯಮಾಡಿಸಿ, ಕಾಫಿ ಕುಡಿದು, ಸಿಟ್ಟು ಬರುವಂಥ ಒಂದು ತಪ್ಪು ಮಾತಾಡಿ ಹೋಗಬೇಕು. ಸದಾ ಸರಿಯಾಗಿಯೇ ಹೇಳುವವರ ಜೊತೆ ಸಂಜೆ ಕಳೆಯುವುದು ಬಹಳ ಕಷ್ಟ. ನನಗೆ ಅನೀಸ್ ಭಾಯಿ ಬೇಕು.

ತಮ್ಮ ವಿಶ್ವಾಸಿ,
ಕೋದಂಡರಾಮಯ್ಯ
(ತಮ್ಮ ಕೃಪೆಯಿಂದ ಗೆದ್ದು ಕೆಟ್ಟವನು)

ಮತ್ತೊಂದು ಮಾತು: ಇಷ್ಟು ಬರೆದು ಲಕೋಟೆ ಹುಡುಕುತ್ತಿದ್ದಾಗ ಹನ್ನೆರಡನೆಯ ಸಲ ಕರೆಂಟು ಹೋಯಿತು. ತಮ್ಮನ್ನು ಕಾಯುವಷ್ಟು ತಾಳ್ಮೆಯಿಲ್ಲದೆ ನಾನೇ ಬೀದಿ ದಾಟಿದೆ. ಹಲ್ಲು ಕಚ್ಚಿಕೊಂಡು, ಆ್ಯಪ್‌ನವರು ಏನಾದರೂ ಹೇಳಿಕೊಳ್ಳಲಿ, ದೊಡ್ಡವರು ತೆಂಡೂಲ್ಕರೇ ಎಂದೆ. ಅನೀಸ್ ಭಾಯಿ ಕೈಯಲ್ಲಿದ್ದ ನೂಲಿನ ಉಂಡೆಯನ್ನು ಕೆಳಗಿಟ್ಟು, "ಏನ್ರೀ ರಾಮಯ್ನೋರೆ, ಮೂವತ್ತು ವರ್ಷ ಹಿಡ್ಕೊಂಡಿದ್ದನ್ನ ಹಿಂಗೆ ಬಿಟ್ಬಿಡ್ತೀರಾ? ಹೆಲ್ಮೆಟ್ ಇಲ್ದೆ ಆಡಿದ ಮನುಷ್ಯ ಕಣ್ರೀ ಅವ್ರು!" ಎಂದು ರಿಚರ್ಡ್ಸ್ ಪರ ನನ್ನ ಮೇಲೆ ಎಗರಿ ಬಿದ್ದರು. ನಾನು ಶಾರ್ಜಾದ ಮರಳನ್ನು ಎತ್ತಿಕೊಂಡೆ. ಇದನ್ನು ಅವರ ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ; ಕರೆಂಟು ಬಂದು ಮುಕ್ಕಾಲು ಗಂಟೆಯಾದರೂ ಮಗ್ಗ ಯಾಕೆ ಹಾಕಿಲ್ಲವೆಂದು ನನ್ನ ಹೆಂಡತಿ ವರಲಕ್ಷ್ಮಮ್ಮ ಎದುರು ಜಗಲಿಯಿಂದ ಕೂಗುತ್ತಿದ್ದಾಳೆ. ತಪ್ಪೆಲ್ಲ ತಮ್ಮದೇ ಎಂದು ಕೈಸನ್ನೆ ಮಾಡಿ ತಿಳಿಸಿದ್ದೇನೆ.