ಬಾಕಿ ಅಪಘಾತಗಳ ವಿಲೇವಾರಿ

ಚಾಲನಾ ಪರವಾನಗಿ ಕಚೇರಿಯ ಕಾಂಪೌಂಡ್ ಗೋಡೆಗೆ ಸಾಹೇಬರ ಭಾವಮೈದುನರು ಕಾರು ಗುದ್ದಿದ್ದು ಸಂಪೂರ್ಣ ನಿಯಮಬದ್ಧವಾಗಿತ್ತೆಂದು ಮೊದಲೇ ಸ್ಪಷ್ಟಪಡಿಸುತ್ತೇನೆ. ಕಚೇರಿಯ ಸಮಯದಲ್ಲೇ ಗುದ್ದಿದರು, ಗುದ್ದಿದ ಮೇಲೆ ಒಳಗೆ ಬಂದು ಕಾಫಿ ಕುಡಿದು, ಎಲ್ಲರ ಯೋಗಕ್ಷೇಮ ವಿಚಾರಿಸಿಯೇ ಹೋದರು. ಅದಕ್ಕೂ ಮುಂಚೆ ಅವರು ಒಂದು ಹಾಲಿನ ವ್ಯಾನಿಗೆ, ಒಂದು ಬಸ್ ನಿಲ್ದಾಣಕ್ಕೆ ಮತ್ತು ನಿಂತಿದ್ದ ಒಂದು ರೋಡ್ ರೋಲರಿಗೆ ಗುದ್ದಿದ್ದುಂಟು. ರೋಲರಿನದೇ ತಪ್ಪೆಂದು ವಿಚಾರಣೆಯಲ್ಲಿ ಸಾಬೀತಾಗಿದೆ.

ಆದರೆ ಜನ ಸುಮ್ಮನಿರಬೇಕಲ್ಲ! ಪತ್ರಿಕೆಯಲ್ಲಿ ಗೋಡೆಯ ಫೋಟೋ ಬಂತು. ಹೆಚ್ಚು ಅಪಾಯದ ಚಾಲಕರು ಪದೇಪದೇ ಪರವಾನಗಿ ನವೀಕರಿಸಿಕೊಳ್ಳುವಂತೆ ಕ್ರಮ ಕೈಗೊಳ್ಳಿ ಎಂದು ಮೇಲಿನಿಂದ ಆದೇಶ ಇಳಿಯಿತು. ಸಾಹೇಬರು ತುರ್ತು ಸಭೆ ಕರೆದರು. ಕಚೇರಿಯ ಹಿರಿಯ ಗುಮಾಸ್ತನಾದ ನಾನು ಪೆನ್ನು ಹಿಡಿದು ಪಕ್ಕದಲ್ಲೇ ಕೂತೆ.

"ಹೆಚ್ಚು ಅಪಾಯ ಅಂದ್ರೆ ಯಾರ್ರೀ?" ಎಂದರು ಸಾಹೇಬರು.

"ಆಕ್ಸಿಡೆಂಟ್ ಮಾಡಿದವರು, ಸಾರ್," ಎಂದೆ.

ಸಾಹೇಬರು ನನ್ನನ್ನು ಕನಿಕರದಿಂದ ನೋಡಿದರು. "ಅಲ್ರೀ, ಇಷ್ಟು ವರ್ಷ ಸರ್ವೀಸ್ ಮಾಡಿದೀರಿ. ಫೈಲಿಗೆ ಸಹಿ ಬಿದ್ದು ಮುಗಿದ ಮೇಲೆ ಯಾರಾದ್ರೂ ಅದರ ಚಿಂತೆ ಮಾಡ್ತಾರಾ?"

"ಇಲ್ಲ ಸಾರ್."

"ಮತ್ತೆ ಯಾವುದರ ಚಿಂತೆ?"

"ಬಾಕಿ ಇರೋದರದ್ದು, ಸಾರ್."

"ನೋಡಿ! ನನ್ನ ಭಾವಮೈದ ತನ್ನ ಪಾಲಿನದು ಮಾಡಿ ಮುಗಿಸಿದಾನೆ. ಅವನ ಕಡೆಯಿಂದ ಏನೂ ಬಾಕಿ ಇಲ್ಲ. ಆದ್ರೆ ಜೀವಮಾನವೆಲ್ಲ ಗಾಡಿ ಓಡಿಸಿ ಒಂದೂ ಆಕ್ಸಿಡೆಂಟ್ ಮಾಡದೆ ಕೂತಿದಾರಲ್ಲ ಆ ಮುದುಕರು, ಅವರದ್ದು ಅಷ್ಟೂ ಬಾಕಿ! ಯಾವ ಹೊತ್ತಲ್ಲಿ ಯಾರ ಮೇಲೆ ಬೀಳತ್ತೋ ದೇವರೇ ಬಲ್ಲ."

ಸಭೆಗೆ ಸಭೆಯೇ ದಂಗಾಯಿತು. ಇಷ್ಟು ಸರಳ ವಿಷಯ ನನ್ನ ಮಂಡೆಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮರುದಿನವೇ ಪ್ರಕಟಣೆ ಹೊರಬಿತ್ತು:

"ಎಪ್ಪತ್ತು ವರ್ಷ ದಾಟಿಯೂ ಒಂದೂ ಅಪಘಾತ ಎಸಗದ ಚಾಲಕರನ್ನು ಅಪಘಾತ ಬಾಕಿದಾರರೆಂದು ಪರಿಗಣಿಸಿ, ಸದರಿಯವರ ಪರವಾನಗಿಯನ್ನು ವಾರಕ್ಕೊಮ್ಮೆ ನವೀಕರಿಸತಕ್ಕದ್ದು. ಆ ಅವಧಿಯಲ್ಲಿಯೂ ಅಪಘಾತ ಎಸಗದಿದ್ದಲ್ಲಿ, ಅಪಾಯವು ಹೆಚ್ಚಿದೆಯೆಂದು ಭಾವಿಸಿ ಅವಧಿಯನ್ನು ಮತ್ತಷ್ಟು ಕಡಿತಗೊಳಿಸತಕ್ಕದ್ದು. ಬಾಕಿ ತೀರಿಸಿದವರಿಗೆ ಐದು ವರ್ಷಗಳ ಪರವಾನಗಿಯನ್ನು ಅಭಿನಂದನೆಗಳೊಂದಿಗೆ ನೀಡತಕ್ಕದ್ದು."

ಮೊದಲ ಬಾಕಿದಾರರಾಗಿ ಕೌಂಟರಿಗೆ ಬಂದವರು ನಿವೃತ್ತ ಗಣಿತದ ಟೀಚರು, ನನ್ನ ತಾಯಿಯ ಒಡಹುಟ್ಟಿದ ಅಕ್ಕ. ಕಚೇರಿಯೊಳಗೆ ಸಂಬಂಧಗಳನ್ನು ತರಬಾರದೆಂಬ ಕಟ್ಟುನಿಟ್ಟಿನ ನಿಯಮ ನಮ್ಮಲ್ಲಿದೆ. ಅದು ಭಾವಮೈದುನರಿಗೆ ಅನ್ವಯಿಸುವುದಿಲ್ಲ, ದೊಡ್ಡಮ್ಮಂದಿರಿಗೆ ಅನ್ವಯಿಸುತ್ತದೆ.

"ಲೋ, ಇಷ್ಟು ವರ್ಷದಲ್ಲಿ ನಾನು ಒಂದು ಕೋಳಿಗೂ ತಗುಲಿಸಿಲ್ವಲ್ಲೋ!" ಎಂದರು ದೊಡ್ಡಮ್ಮ.

"ಮೆಲ್ಲಗೆ ಮಾತಾಡಿ ದೊಡ್ಡಮ್ಮ. ಸಾಹೇಬರ ಕಿವಿಗೆ ಬಿದ್ದರೆ ಇನ್ನೂ ಕಮ್ಮಿ ಮಾಡ್ತಾರೆ," ಎಂದು ಒಂದು ವಾರದ ಮೊಹರು ಒತ್ತಿದೆ.

ದೊಡ್ಡಮ್ಮನಿಗೆ ಕಾರು ಶೋಕಿಯಲ್ಲ. ದೊಡ್ಡಪ್ಪನ ಎರಡು ಮೂತ್ರಪಿಂಡಗಳೂ ಕೈಕೊಟ್ಟಿವೆ. ದಿನ ಬಿಟ್ಟು ದಿನ, ಬೆಳಗಿನ ಆರು ಗಂಟೆಗೆ ಅವರನ್ನು ಆಸ್ಪತ್ರೆಯ ಡಯಾಲಿಸಿಸ್ ಯಂತ್ರಕ್ಕೆ ಮುಟ್ಟಿಸಬೇಕು. ಆ ಹೊತ್ತಿಗೆ ಬಸ್ಸಿಲ್ಲ. ನಾನೇ ಕರೆದೊಯ್ಯಬಹುದಿತ್ತು, ಆದರೆ ನನಗೆ ಗಾಡಿ ಓಡಿಸಲು ಬರುವುದಿಲ್ಲ, ಪರವಾನಗಿ ಮಾತ್ರ ಇದೆ.

ದೊಡ್ಡಮ್ಮ ಹಟಮಾರಿ. ಆ ವಾರವೂ ಯಾರಿಗೂ ಗುದ್ದಲಿಲ್ಲ. ನಿಯಮದಂತೆ ಅವಧಿ ಮೂರು ದಿನಕ್ಕೆ ಇಳಿಯಿತು. ಆಗಲೂ ಗುದ್ದಲಿಲ್ಲ, ಒಂದು ದಿನಕ್ಕೆ ಇಳಿಯಿತು. ಕೊನೆಗೆ, ಬೆಳಿಗ್ಗೆ ಕೌಂಟರ್ ತೆರೆದಾಗಿನಿಂದ ಸಂಜೆ ಮುಚ್ಚುವವರೆಗೆ ಮಾತ್ರ ಎಂದಾಯಿತು. ನಮ್ಮ ಕೌಂಟರ್ ತೆರೆಯುವುದು ಹತ್ತೂವರೆಗೆ. ಆರು ಗಂಟೆಯ ಸರದಿಗೆ ಹೊರಟ ದೊಡ್ಡಮ್ಮನನ್ನು ಪೊಲೀಸರು ತಿರುವಿನಲ್ಲೇ ನಿಲ್ಲಿಸಿ, ಮರ್ಯಾದೆಯಿಂದ ಮನೆಗೆ ಕಳಿಸಿದರು. ದೊಡ್ಡಪ್ಪನ ಸರದಿ ತಪ್ಪಿತು. ಸಂಜೆಯ ಹೊತ್ತಿಗೆ ಅವರ ಕಾಲು ಬಾತುಕೊಂಡವು, ಉಸಿರು ಎಳೆಯತೊಡಗಿತು.

ಮರುದಿನ ದೊಡ್ಡಮ್ಮ ಸೀದಾ ಸಾಹೇಬರ ಕೋಣೆಗೇ ನುಗ್ಗಿದರು. "ಇನ್ನೊಂದು ಸರದಿ ತಪ್ಪಿದರೆ ಆ ಮನುಷ್ಯ ಉಳಿಯಲ್ಲ ಕಣಪ್ಪಾ! ನಾನೇನು ತಪ್ಪು ಮಾಡಿದೀನಿ ಹೇಳು!"

"ತಪ್ಪು ಮಾಡಿಲ್ಲವಲ್ಲ ಅಮ್ಮಾ, ಅದಕ್ಕೇ ಈ ಪಾಡು," ಎಂದು ಸಾಹೇಬರು ಮೃದುವಾಗಿ ಹೇಳಿದರು. "ಒಂದೇ ಒಂದು ಸಣ್ಣ ಆಕ್ಸಿಡೆಂಟ್ ಮಾಡಿಬಿಡಿ. ನಮ್ಮ ಗೋಡೆ ಇದೆಯಲ್ಲ, ನಿಮ್ಮದೇ ಅಂದ್ಕೊಳ್ಳಿ."

ಗೋಡೆಯನ್ನು ಅಷ್ಟರಲ್ಲಿ ಮತ್ತೆ ಕಟ್ಟಲಾಗಿತ್ತು. ಗುತ್ತಿಗೆ ಹಿಡಿದವರು ಭಾವಮೈದುನರೇ. ಗೋಡೆಯ ಸ್ವಭಾವ ಅವರಷ್ಟು ಹತ್ತಿರದಿಂದ ಬಲ್ಲವರು ಬೇರೆ ಯಾರಿದ್ದರು?

ಬಾಕಿ ತೀರಿಸುವ ಕಾರ್ಯಕ್ರಮಕ್ಕೆ ಸಿಬ್ಬಂದಿಯೆಲ್ಲ ಹೊರಗೆ ಬಂದು ನಿಂತೆವು. ದೊಡ್ಡಮ್ಮ ಕನ್ನಡಿ ಸರಿಮಾಡಿಕೊಂಡರು, ಇಂಡಿಕೇಟರ್ ಹಾಕಿದರು, ಹಾರನ್ ಬಾರಿಸಿದರು. ಪಕ್ಕದಲ್ಲಿ ದೊಡ್ಡಪ್ಪ ಬೆಲ್ಟು ಬಿಗಿದು ಕೂತಿದ್ದರು. ಕಾರು ಮುಂದೆ ಬಂತು, ಗೋಡೆಗೆ ಇನ್ನು ಒಂದು ಗೇಣಿದೆ ಎನ್ನುವಾಗ ನಿಂತಿತು.

"ಪ್ರಯತ್ನ ವಿಫಲ," ಎಂದರು ಸಾಹೇಬರು. ನಾನು ಬರೆದುಕೊಂಡೆ.

"ನಾನೇನು ಮಾಡಲೋ? ಕಾಲು ತಾನಾಗೇ ಬ್ರೇಕಿಗೆ ಹೋಗತ್ತೆ!" ಎಂದು ದೊಡ್ಡಮ್ಮ ಕಿಟಕಿಯಿಂದ ಕೂಗಿದರು. ಎರಡನೇ ಸಲವೂ ಹಾಗೇ ಆಯಿತು. ಸಾಹೇಬರು ಗಡಿಯಾರ ನೋಡಿಕೊಂಡರು.

ಆಗ ದೊಡ್ಡಪ್ಪ, ಉಸಿರು ಎಳೆದುಕೊಳ್ಳುತ್ತಲೇ, "ಕಣ್ಣು ಮುಚ್ಚಿಬಿಡೇ," ಎಂದರು. "ನನ್ನನ್ನ ಒಪ್ಕೊಂಡಾಗ ಮುಚ್ಚಿರಲಿಲ್ವಾ? ಹಾಗೇ."

ದೊಡ್ಡಮ್ಮ ಕಣ್ಣು ಮುಚ್ಚಿದರು. ಗೋಡೆ ಮೂರು ಮಾರು ಉದ್ದಕ್ಕೆ ಬಿತ್ತು. ಭಾವಮೈದುನರು ಮರಳನ್ನು ಧಾರಾಳವಾಗಿ, ಸಿಮೆಂಟನ್ನು ಹಿತಮಿತವಾಗಿ ಬಳಸಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಐದು ವರ್ಷದ ಪರವಾನಗಿಯನ್ನು ಕಾರಿನ ಕಿಟಕಿಯಿಂದಲೇ ನೀಡಿದರು. ತೆಗೆದುಕೊಳ್ಳಲು ಹೋದ ದೊಡ್ಡಮ್ಮನ ಕೈಯಿಂದ ಅದು ಎರಡು ಸಲ ಜಾರಿ ಬಿತ್ತು.

"ಕೈ ನಡುಗ್ತಿದೆ ಕಣೋ," ಎಂದರು ನನಗೆ. "ಸ್ಟೇರಿಂಗ್ ಹಿಡಿದು ಯಾವತ್ತೂ ನಡುಗಿರಲಿಲ್ಲ. ಇನ್ನು ಇವರನ್ನ ಕೂರಿಸ್ಕೊಂಡು ಹೇಗೋ ಓಡಿಸಲಿ?"

ಬರೆದುಕೊಳ್ಳಲು ನಾನು ಪೆನ್ನು ಎತ್ತಿದೆ. ಆದರೆ ಕೈ ನಡುಗುವುದನ್ನು ದಾಖಲಿಸಲು ನಮ್ಮಲ್ಲಿ ಅವಕಾಶವಿಲ್ಲ.

"ಮೊದಮೊದಲು ಹಾಗೇ ಅಮ್ಮಾ," ಎಂದು ಸಾಹೇಬರು ಧೈರ್ಯ ಹೇಳಿದರು. "ಹಾಲಿನ ವ್ಯಾನಿಗೆ ಗುದ್ದಿದ ದಿನ ನನ್ನ ಭಾವಮೈದನಿಗೂ ನಡುಗಿತ್ತು. ಆಮೇಲೆ ಅಭ್ಯಾಸ ಆಗೋಯ್ತು."

ಈಗ ಎಲ್ಲವೂ ಸುಸೂತ್ರ. ದೊಡ್ಡಪ್ಪನ ಸರದಿ ತಪ್ಪುತ್ತಿಲ್ಲ. ದಾರಿಯುದ್ದಕ್ಕೂ ದೊಡ್ಡಮ್ಮ ಬೆವರುತ್ತಾರಂತೆ, ಅದು ಅವರ ಖಾಸಗಿ ವಿಷಯ. ಗೋಡೆಯನ್ನು ವಾರಕ್ಕೊಮ್ಮೆ ಕಟ್ಟಲಾಗುತ್ತಿದೆ, ಟೋಕನ್ ವ್ಯವಸ್ಥೆಯೂ ಬಂದಿದೆ. ಮಕ್ಕಳು, ಸೊಸೆಯಂದಿರು ದಿಂಬು ತಂದು ಹಿರಿಯರ ಎದೆಗೆ ಒತ್ತಿಟ್ಟು ಕೂರಿಸುತ್ತಾರೆ, ಗುದ್ದಿದ ಮೇಲೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಯಾರಿಂದಲೂ ಒಂದು ದೂರು ಬಂದಿಲ್ಲ.

ನನ್ನ ತಾಯಿಗೆ ಮೊನ್ನೆ ಎಪ್ಪತ್ತು ತುಂಬಿತು. ಮುಂದಿನ ಗುರುವಾರದ ಟೋಕನ್ ಕೊಡಿಸಿದ್ದೇನೆ. ಆಕೆಗೂ ಅಕ್ಕನ ಹಾಗೆ ಎದುರಿಗೆ ಏನಾದರೂ ಕಂಡರೆ ಬ್ರೇಕ್ ಒತ್ತುವ ಚಟವಿದೆ. ಮನೆಯಲ್ಲಿ ಎಲ್ಲರೂ ಸೇರಿ ಬಿಡಿಸುತ್ತಿದ್ದೇವೆ.