ಟೋಕನ್ ನಂಬರ್ ನಲವತ್ತೊಂದು ಲಕ್ಷ

ಬೆಳಿಗ್ಗೆ ಹತ್ತೂವರೆಗೆ ನಿಧಾನಪ್ಪನ ಫೋನು ಗುಂಯ್‌ಗುಟ್ಟಿತು. ಹೆಂಡತಿ.

“ರೀ, ನಿಮ್ಮ ಮೆಷಿನ್ನಿಗೆ ಏನು ಬಂದಿದೆ? ನನ್ನ ಮುಂದಿನವರಿಗೆ ಹದಿನೇಳು ಕೊಟ್ಟಿತು. ನನಗೆ ನಲವತ್ತೊಂದು ಲಕ್ಷದ ತೊಂಬತ್ತೆಂಟು ಸಾವಿರದ ಏಳುನೂರ ಹತ್ತು!”

ಮಗಳನ್ನು ಹೊಸ ಶಾಲೆಗೆ ಸೇರಿಸಲು ವಾಸಸ್ಥಳದ ಪ್ರಮಾಣಪತ್ರ ಬೇಕಿತ್ತು. ಅದನ್ನು ಕೊಡಲು ಇವತ್ತೇ ಕೊನೆಯ ದಿನ. ‘ನಾನೇ ಹೋಗಿ ತರ್ತೀನಿ’ ಎಂದು ಮೂರು ವಾರ ಹೇಳಿ, ಕೊನೆಗೆ ಹೆಂಡತಿಯನ್ನು ಸರ್ಕಾರಿ ಕಚೇರಿಗೆ ಅಟ್ಟಿದ್ದ ನಿಧಾನಪ್ಪ. ಆ ಕಚೇರಿಯಲ್ಲಿ ಟೋಕನ್ ಕೊಡುವ ಯಂತ್ರಕ್ಕೆ ಪ್ರೋಗ್ರಾಂ ಬರೆದದ್ದು ಇವನ ಕಂಪನಿಯೇ. ನಿನ್ನೆ ಸಂಜೆ ಅದನ್ನು ಇನ್ನಷ್ಟು ಚುರುಕು ಮಾಡಿ ಕಳಿಸಿ, ಎದೆಯುಬ್ಬಿಸಿಕೊಂಡು ಮನೆಗೆ ಹೋದವನೂ ಇವನೇ.

“ಅಲ್ಲೇ ಕೂತಿರು ಕಣೇ. ಮಧ್ಯಾಹ್ನದೊಳಗೆ ಸರಿಮಾಡ್ತೀನಿ.”

“ನೀವು ಮಧ್ಯಾಹ್ನ ಅಂದ್ರೆ ನಾನು ರಾತ್ರಿ ಊಟಾನೂ ಇಲ್ಲಿಗೇ ತರಿಸ್ಕೋಬೇಕು.”

ಸುದ್ದಿ ಆಫೀಸಿನಲ್ಲಿ ಹರಡಲು ಐದು ನಿಮಿಷವೂ ಬೇಕಾಗಲಿಲ್ಲ. ಮೊದಲು ಓಡಿಬಂದವನು ಪ್ರಿಂಟಯ್ಯ. ಯಾವ ಪ್ರೋಗ್ರಾಂ ಕೆಟ್ಟರೂ ನಡುವೆ ಒಂದು ಪ್ರಿಂಟ್ ಸಾಲು ತುರುಕುವುದೇ ಅವನಿಗೆ ಗೊತ್ತಿದ್ದ ಚಿಕಿತ್ಸೆ. ನಿಧಾನಪ್ಪ ಬೇಡ ಎನ್ನುವಷ್ಟರಲ್ಲಿ ‘ಇಲ್ಲಿಗೆ ಬಂದೆ’ ಎಂದು ಅಚ್ಚಾಗುವ ಸಾಲೊಂದನ್ನು ಸೇರಿಸಿ ಓಡಿಸಿದ. ಹದಿನೇಳು, ಹದಿನೆಂಟು, ಹತ್ತೊಂಬತ್ತು. ಪರೀಕ್ಷೆಗೆ ಇಟ್ಟಿದ್ದ ಯಂತ್ರ, ಮಾವನ ಮುಂದೆ ಕೂತ ಹೊಸ ಅಳಿಯನಂತೆ ಸಭ್ಯವಾಗಿಬಿಟ್ಟಿತು.

“ನೋಡಿ! ಗುಣ ಆಯ್ತು!”

ನಿಧಾನಪ್ಪ ಆ ಸಾಲನ್ನು ತೆಗೆದ. ಮತ್ತೆ ನಲವತ್ತೊಂದು ಲಕ್ಷ.

ಅಷ್ಟರಲ್ಲಿ ಮ್ಯಾನೇಜರ್ ಬಂದರು. “ಹಾಗಾದ್ರೆ ಆ ಸಾಲು ಇರ್ಲಿ ಬಿಡ್ರೀ.”

“ಸರ್, ಪ್ರತಿ ಟೋಕನ್ ಮೇಲೂ ‘ಇಲ್ಲಿಗೆ ಬಂದೆ’ ಅಂತ ಬರುತ್ತೆ.”

“ಬಂದ್ರೆ ಏನಾಯ್ತು? ಜನ ಅಲ್ಲಿಗೆ ಬಂದಿರೋದು ನಿಜ ತಾನೇ?”

ಪ್ರಿಂಟಯ್ಯ ಕೈಕಟ್ಟಿ ನಿಂತು ಹೌದೌದೆಂದು ತಲೆಯಾಡಿಸಿದ. ಇಬ್ಬರನ್ನೂ ಸಾಗಹಾಕುವಷ್ಟರಲ್ಲಿ ಊಟದ ಹೊತ್ತು ಕಳೆದಿತ್ತು. ಮತ್ತೆ ಹೆಂಡತಿಯ ಫೋನು.

“ರೀ, ಇಲ್ಲಿಯ ಗುಮಾಸ್ತರು ನನ್ನ ನಂಬರ್ ನೋಡಿ...”

“ನಗ್ತಿದಾರಾ? ನಗ್ಲಿ. ನಾನಿಲ್ಲಿ ಒದ್ದಾಡ್ತಿದೀನಿ, ನೀನು ಬೇರೆ ತಲೆ ತಿನ್ಬೇಡ.” ಫೋನು ಇಟ್ಟೇಬಿಟ್ಟ.

ಆಮೇಲೆ ತಲೆಯ ಮೇಲೆ ಕೈಹೊತ್ತು ಆ ಅಂಕಿಯನ್ನೇ ದಿಟ್ಟಿಸಿದ. ಬಾಯಿಗೆ ಬಂದದ್ದು ಒದರುವ ಯಂತ್ರವಾಗಿದ್ದರೆ ಒಂದೊಂದು ಸಲ ಒಂದೊಂದು ಅಂಕಿ ಬರಬೇಕಿತ್ತು. ಇದು ತಪ್ಪಿದಾಗಲೆಲ್ಲ ಅದೇ ನಲವತ್ತೊಂದು ಲಕ್ಷ! ಯಂತ್ರದ ಲೆಕ್ಕಕ್ಕೆ ತಿರುಗಿಸಿ ನೋಡಿದ. ಅದು ಅಂಕಿಯೇ ಅಲ್ಲ, ವಿಳಾಸ. ಅವನ ಪ್ರೋಗ್ರಾಂನಲ್ಲೇ, ಸಿಸ್ಟಂ ಕಾಲ್ ಮುಗಿದ ಮೇಲೆ ಮರಳಿ ಬರಬೇಕಾದ ಜಾಗ.

ಗಣಕದೊಳಗೆ ರಿಜಿಸ್ಟರ್ ಎಂಬ ಪುಟ್ಟ ಡಬ್ಬಿಗಳಿರುತ್ತವೆ, ಒಲೆಯ ಪಕ್ಕ ಕೈಗೆಟುಕುವಂತೆ ಇಟ್ಟುಕೊಳ್ಳುವ ಡಬ್ಬಿಗಳ ಹಾಗೆ. ಕೆಲವು ಟೋಕನ್ನಿಗೊಮ್ಮೆ ಕಾಗದ ಮುಗಿದಿದೆಯೇ ಎಂದು ನೋಡಬೇಕಾದರೂ ಪ್ರೋಗ್ರಾಂ, ಕರ್ನಲ್ ಎಂಬ ಯಜಮಾನನನ್ನು ಕೂಗಿ ಕರೆಯಬೇಕು; ಅದೇ ಸಿಸ್ಟಂ ಕಾಲ್. ಆ ಯಜಮಾನನೋ, ಬಂದಾಗಲೆಲ್ಲ ಎರಡು ಡಬ್ಬಿಗಳಲ್ಲಿ ಇದ್ದದ್ದನ್ನು ಚೆಲ್ಲಿ ತನ್ನದನ್ನು ತುಂಬಿ ಹೋಗುತ್ತಾನೆ. ಒಂದರಲ್ಲಿ ಮರಳುವ ವಿಳಾಸ ಇರುತ್ತದೆ. ಅದು ಅವನ ಹುಟ್ಟುಗುಣ, ಬೈದು ಪ್ರಯೋಜನವಿಲ್ಲ. ‘ಈ ಎರಡು ಹಾಳಾಗುತ್ತವೆ, ಇವುಗಳಲ್ಲಿ ಏನೂ ಇಡಬೇಡ’ ಎಂದು, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿಗೆ ಮೊದಲೇ ಬರೆದು ತಿಳಿಸಬೇಕು, ಅಷ್ಟೆ. ಆ ಕರೆಯನ್ನು ಯಂತ್ರದ ಭಾಷೆಗೆ ಹತ್ತಿರದ ಅಸೆಂಬ್ಲಿ ಭಾಷೆಯಲ್ಲಿ ಕೈಯಾರೆ ಬರೆದ ನಿಧಾನಪ್ಪ ಇದೊಂದನ್ನು ಬರೆಯಲು ಮರೆತಿದ್ದ. ಪಾಪ ಕಂಪೈಲರು, ಟೋಕನ್ ನಂಬರನ್ನು ಅದೇ ಡಬ್ಬಿಯಲ್ಲಿಟ್ಟು ನಿಶ್ಚಿಂತೆಯಿಂದಿತ್ತು. ಪ್ರಿಂಟಯ್ಯನ ಸಾಲು ಬಂದಾಗ ಬೇರೆ ಡಬ್ಬಿಗೆ ವರ್ಗಾಯಿಸಿತ್ತು. ಗುಣವಾದದ್ದೇನೂ ಇರಲಿಲ್ಲ, ರೋಗಿ ಮಗ್ಗುಲು ಬದಲಿಸಿದ್ದ.

ನಿಧಾನಪ್ಪ ಆರ್‌ಸಿಎಕ್ಸ್, ಆರ್ ಇಲೆವೆನ್ ಎಂದು ಎರಡೂ ಡಬ್ಬಿಗಳ ಹೆಸರು ಬರೆದ. ಇನ್ನೂರು ಟೋಕನ್ ತೆಗೆದು ನೋಡಿದ. ಒಂದೂ ತಪ್ಪಲಿಲ್ಲ. ಮೂರೂವರೆಗೆ ಕಚೇರಿಯ ಯಂತ್ರಕ್ಕೆ ಕಳಿಸಿದ.

“ಬೆಳಿಗ್ಗೆಯಿಂದ ಎರಡೇ ಪದಾನಾ?” ಎಂದರು ಮ್ಯಾನೇಜರ್. “ಪ್ರಿಂಟಯ್ಯ ಐದು ನಿಮಿಷದಲ್ಲಿ ಒಂದು ಪೂರ್ತಿ ಸಾಲು ಬರೆದಿದ್ದ.”

ನಿಧಾನಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗೆದ್ದ ಪೈಲ್ವಾನನಂತೆ ಮೀಸೆ ಸವರಿಕೊಂಡು ಹೆಂಡತಿಗೆ ಫೋನು ಮಾಡಿದ. “ಆಯ್ತು ನೋಡು! ಎರಡೇ ಪದ ಸೇರಿಸಿ ಈಗಷ್ಟೇ ಸರಿಮಾಡಿ ಕಳಿಸ್ದೆ!”

“ಓಹೋ. ಅದು ನೀವೇನಾ?”

“ಮತ್ತಿನ್ಯಾರು?”

“ರೀ, ಇಷ್ಟು ದೊಡ್ಡ ನಂಬರ್ ಅಂದ್ರೆ ಯಾರೋ ದೊಡ್ಡವರ ಕಡೆಯವರೇ ಇರಬೇಕು ಅಂತ, ಗುಮಾಸ್ತರು ಲಕ್ಷದ ನಂಬರಿನವರನ್ನೆಲ್ಲ ಬೇರೆ ಕರೆದು ಮೆತ್ತನೆ ಕುರ್ಚೀಲಿ ಕೂರಿಸಿದ್ರು. ಅದನ್ನೇ ಹೇಳೋಕೆ ಬಂದ್ರೆ ತಲೆ ತಿನ್ಬೇಡ ಅಂದ್ರಿ. ಮೂರು ಗಂಟೆಗೆ ದೊಡ್ಡ ಸಾಹೇಬರೇ ಬಂದ್ರು, ನಮ್ಮನ್ನೇ ಮೊದಲು ಒಳಗೆ ಬಿಟ್ರು. ನನ್ನ ಕಾಗದ ಮೇಜಿನ ಮೇಲಿತ್ತು, ಸೀಲು ಗಾಳೀಲಿತ್ತು. ಅಷ್ಟರಲ್ಲಿ ನಂಬರ್ ತೋರಿಸೋ ಬೋರ್ಡು ಆರಿ ಹತ್ತಿಕೊಳ್ತು. ‘ನಲವತ್ತೊಂದು ಲಕ್ಷ ಅನ್ನೋ ನಂಬರೇ ಇಲ್ವಲ್ಲಮ್ಮಾ, ಹೋಗಿ ಬೇರೆ ಟೋಕನ್ ತಗೊಳ್ಳಿ’ ಅಂದ್ರು.”

ನಿಧಾನಪ್ಪನ ಕೈ ಮೀಸೆಯ ಮೇಲೇ ನಿಂತಿತು. “ಈಗ... ಎಷ್ಟು?”

“ಇನ್ನೂರ ಹನ್ನೆರಡು. ಸರಿಯಾದ ನಂಬರೇ ಕೊಟ್ಟಿದೆ, ಸಂತೋಷಪಡಿ. ಕೌಂಟರಲ್ಲಿ ನಡೀತಿರೋದು ತೊಂಬತ್ತಾರು. ಬಾಗಿಲು ಹಾಕೋದು ಐದಕ್ಕೆ. ಆ ಎರಡು ಪದ ಅಳಿಸೋಕೆ ಎಷ್ಟು ಹೊತ್ತಾಗುತ್ತೆ?”

ನಿಧಾನಪ್ಪ ಕೀಲಿಮಣೆಯತ್ತ ಹಾರಿದ. ಮ್ಯಾನೇಜರ್ ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. “ಇನ್ನು ಚಿಂತೆ ಬಿಡ್ರೀ. ಆರು ತಿಂಗಳು ಈ ಪ್ರೋಗ್ರಾಂನ ಯಾರೂ ಮುಟ್ಟದ ಹಾಗೆ ಈಗಷ್ಟೇ ಬೀಗ ಹಾಕಿಸಿದೀನಿ.”

ಫೋನಿನಿಂದ ಹೆಂಡತಿಯ ದನಿ ಇನ್ನೂ ಬರುತ್ತಿತ್ತು, ತೀರಾ ತಣ್ಣಗೆ.

“ಪ್ರಮಾಣಪತ್ರ ಇಲ್ದಿದ್ರೂ ನಮ್ಮನೆ ವಿಳಾಸ ನಿಮಗೆ ಗೊತ್ತಲ್ವಾ? ಬನ್ನಿ. ಮಾತಾಡೋಣ.”