ಇಪ್ಪತ್ತು ತೋಟಾಗಳಲ್ಲಿ ಒಂದು

ಗ್ಯಾರೇಜಿನ ಬಾಗಿಲು ಅರ್ಧ ತೆರೆದು ಅಕ್ಷಯಾ ಕೇಳಿದ್ದು ಇಷ್ಟೇ. "ರೀ, ನಿನ್ನೆ ತಂದ ಕೊತ್ತಂಬರಿ ಸೊಪ್ಪು ಎಲ್ಲಿಟ್ರಿ?"

ಬದರಿನಾಥ ತಿರುಗಿ ನೋಡಿ, "ಫ್ರಿಜ್ಜಲ್ಲಿ, ಕೆಳಗಿನ ಡ್ರಾಯರಲ್ಲಿ" ಅಂದ. ಬಾಗಿಲು ಮುಚ್ಚಿತು. ಇಡೀ ಮಾತುಕತೆ ಏಳೆಂಟು ಸೆಕೆಂಡಿನದು. ಆದರೆ ಆ ಏಳೆಂಟು ಸೆಕೆಂಡಿನಲ್ಲಿ ತನ್ನ ಬಲಗೈ ಏನು ಮಾಡಿತೆಂಬುದು ಅವನಿಗೇ ತಿಳಿಯಲಿಲ್ಲ.

ಆ ಕೈ ಹಿಡಿದುಕೊಂಡಿದ್ದದ್ದು ಬಂದೂಕಿನ ತೋಟಾ ತುಂಬುವ ಯಂತ್ರದ ಹಿಡಿಕೆಯನ್ನು. ಒಂದು ಸಲ ಎಳೆದರೆ ಹಿತ್ತಾಳೆಯ ಕೊಳವೆಯೊಳಗೆ ಅಳತೆಯ ಮದ್ದು ಬೀಳುತ್ತದೆ. ಮುಂದಿನ ಎಳೆತಕ್ಕೆ ಅದರ ಬಾಯಿಗೆ ಗುಂಡು ಕೂರುತ್ತದೆ. ಬದರಿನಾಥ ಫ್ಯಾಕ್ಟೋರಿಯಾ ಎಂಬ ಬಡಾವಣೆಯ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸದವನು. ಹಿಡಿಕೆ ಎಳೆಯುವ ಮೊದಲು ಟಾರ್ಚ್ ಹಾಕಿ ಕೊಳವೆಯೊಳಗೆ ಇಣುಕಬೇಕು ಎಂಬ ನಿಯಮ ಅವನೇ ಬರೆದು ಗೋಡೆಗೆ ಅಂಟಿಸಿದ್ದ. ಅಭ್ಯಾಸಬಲದಿಂದ ಉಳಿದವನ್ನೂ ತುಂಬಿ, ಇಪ್ಪತ್ತನ್ನೂ ಡಬ್ಬಿಗೆ ಸುರಿದು, ಕೈ ತೊಳೆಯುವಾಗ ಅನುಮಾನ ಹೊಕ್ಕಿತು. ಅಕ್ಷಯಾ ಬಂದಾಗಿನ ಆ ತೋಟಾಕ್ಕೆ ಮದ್ದು ಒಂದು ಸಲ ಬಿತ್ತೋ, ಎರಡು ಸಲವೋ, ಬೀಳಲೇ ಇಲ್ಲವೋ?

ಎರಡು ಸಲ ಬಿದ್ದಿದ್ದರೆ ರೈಫಲ್ಲೇ ಮುಖದ ಹತ್ತಿರ ಸಿಡಿಯಬಹುದು. ಬೀಳದೇ ಇದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಹೊಡೆದರೆ ಮತ್ತೆ ಅದೇ ಗತಿ.

ಗಂಟೆ ಹತ್ತೂವರೆ. ಎರಡಕ್ಕೆ ಅವನು ಡುವಾಲ್ ಊರಾಚೆಯ ಶೂಟಿಂಗ್ ಕ್ಲಬ್ಬಿನಲ್ಲಿರಬೇಕಿತ್ತು. ಗುಂಡಿನ ವೇಗ ಅಳೆಯುವ ರೇಡಾರ್ ಯಂತ್ರವನ್ನು ಕ್ಲಬ್ಬು ಶನಿವಾರಗಳಂದು ಮಾತ್ರ ಹೊರಗೆ ತೆಗೆಯುತ್ತಿತ್ತು, ಅದಕ್ಕೆ ಅವನ ಸರದಿ ಬರಲು ಎರಡು ತಿಂಗಳು ಹಿಡಿದಿತ್ತು. ಅವನದು ಗಿಡ್ಡ ನಳಿಗೆಯ ರೈಫಲ್ಲು. ನಳಿಗೆ ಗಿಡ್ಡವಾದರೆ ಮದ್ದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಗೆ ಹಾರುತ್ತದೆ, ವೇಗ ಇಳಿಯುತ್ತದೆ. ಬೇಗ ಉರಿಯುವ ಮದ್ದು ಹಾಕಿದರೆ ಎಷ್ಟು ಇಳಿಯುತ್ತದೆ? ಈ ಪ್ರಶ್ನೆ ಹಲ್ಲಿನ ಸಂದಿಯ ಮೆಂತ್ಯಕಾಳಿನ ಹಾಗೆ ಅವನನ್ನು ಕಾಡುತ್ತಿತ್ತು. ಗಿಡ್ಡ ನಳಿಗೆಗೆ ಬೇಕಾದ ಸರ್ಕಾರದ ಅನುಮತಿ ಕಾಗದ ಬರಲು ಕಾದಿದ್ದ, ಪುಸ್ತಕದ ಕೋಷ್ಟಕಗಳನ್ನು ಬಾಯಿಪಾಠ ಮಾಡಿದ್ದ. ಈಗ ಉತ್ತರಕ್ಕೂ ಅವನಿಗೂ ನಡುವೆ ಒಂದು ಕೊತ್ತಂಬರಿ ಕಟ್ಟು ಅಡ್ಡ ಬಂದಿತ್ತು.

ತೂಗಿ ನೋಡಿದರಾಯಿತು ಅಂದುಕೊಂಡ. ಇಪ್ಪತ್ತನ್ನೂ ಪುಟ್ಟ ತಕ್ಕಡಿಯ ಮೇಲಿಟ್ಟ. ಇಪ್ಪತ್ತಕ್ಕೂ ಇಪ್ಪತ್ತು ಬೇರೆ ತೂಕ. ಕೊಳವೆಗಳು ನಾಲ್ಕಾರು ಕಂಪನಿಗಳವು. ಹಿತ್ತಾಳೆಯ ವ್ಯತ್ಯಾಸವೇ ಮದ್ದಿನ ವ್ಯತ್ಯಾಸವನ್ನು ನುಂಗಿಹಾಕಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಸಲೀಂ ಬಂದ. ಮೈಸೂರಿನವನು, ನಾರ್ತ್ ಕ್ರೀಕ್ ಬಡಾವಣೆಯಲ್ಲಿ ಕೆಲಸ, ಕ್ಲಬ್ಬಿಗೆ ಬದರಿನಾಥನ ಜೊತೆಗಾರ. ವಿಷಯ ಕೇಳಿ ಸ್ವಲ್ಪವೂ ಹೆದರಲಿಲ್ಲ.

"ತೂಕ ಯಾಕೆ ಬದ್ರಿ, ಕಿವಿ ಇಲ್ವಾ? ತೆಂಗಿನಕಾಯಿ ಅಲ್ಲಾಡಿಸಿ ನೀರು ನೋಡಲ್ವಾ, ಹಂಗೇ." ಒಂದು ತೋಟಾ ಎತ್ತಿ ಕಿವಿಯ ಹತ್ತಿರ ಕುಲುಕಿದ. "ಇದು ಗಲಗಲ ಅಂತಿದೆ. ಇದು ಸ್ವಲ್ಪ ಗೊಣಗ್ತಾ ಇದೆ. ಇದು ನಮ್ಮ ಮ್ಯಾನೇಜರ್ ಥರ, ಏನೂ ಹೇಳ್ತಿಲ್ಲ."

"ಏನೂ ಹೇಳ್ತಿಲ್ಲ ಅಂದ್ರೆ ಒಳಗೆ ತುಂಬಿದೆಯಾ, ಖಾಲಿನಾ?"

ಸಲೀಂ ಯೋಚಿಸಿದ. "ಮ್ಯಾನೇಜರ್ ವಿಷಯದಲ್ಲೂ ಅದು ಗೊತ್ತಾಗಿಲ್ಲ."

ಇಬ್ಬರು ನಡುವಯಸ್ಸಿನ ಗಂಡಸರು ಗ್ಯಾರೇಜಿನಲ್ಲಿ ಕಣ್ಣು ಮುಚ್ಚಿ ಕಿವಿಯ ಬಳಿ ಹಿತ್ತಾಳೆ ಕುಲುಕುತ್ತಿರುವುದನ್ನು ಕಂಡು ರಸ್ತೆಯಲ್ಲಿ ವಾಕಿಂಗ್ ಹೊರಟಿದ್ದ ನೀಲಕಂಠಪ್ಪನವರು ನಿಂತರು. ಎದುರು ಮನೆಯ ನವ್ಯಾಳ ತಂದೆ. ಮಗಳ ಮನೆಗೆ ಆರು ತಿಂಗಳಿಗೆ ಹುಬ್ಬಳ್ಳಿಯಿಂದ ಬಂದವರು. ಅಳತೆ ಮತ್ತು ತೂಕ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು.

"ಏನ್ ನಡಿಸೀರಿ ಇಬ್ರೂ?" ಎಂದು ಒಳಗೆ ಬಂದವರ ಕಣ್ಣು ನೇರ ಹೋಗಿ ತಕ್ಕಡಿಯ ಮೇಲೆ ಬಿತ್ತು. ಬಗ್ಗಿ ಅದರ ನಾಲ್ಕೂ ಮಗ್ಗುಲು ನೋಡಿದರು. "ಇದಕ್ಕ ಮುದ್ರಿ ಎಲ್ಲೈತ್ರೀ?"

"ಮುದ್ರೆ ಇಲ್ಲ ಸಾರ್. ಆನ್‌ಲೈನಲ್ಲಿ ತರಿಸಿದ್ದು."

"ಮುದ್ರಿ ಇಲ್ಲದ ತಕ್ಕಡಿ ಮ್ಯಾಲೆ ಜೀವದ ಪ್ರಶ್ನೆ ತೂಗಾಕತ್ತೀರಿ." ನೀಲಕಂಠಪ್ಪನವರು ಜೇಬಿನಿಂದ ಐದು ಸೆಂಟಿನ ನಾಣ್ಯ ತೆಗೆದರು. ಈ ದೇಶದಲ್ಲಿ ಆ ನಾಣ್ಯದ ತೂಕ ಸರಿಯಾಗಿ ಐದು ಗ್ರಾಂ ಎಂಬುದನ್ನು ಅವರು ಬಂದ ವಾರವೇ ಪತ್ತೆಹಚ್ಚಿದ್ದರು. ನಾಣ್ಯವನ್ನಿಟ್ಟರು. ಅಂಕಿ ನಿಲ್ಲಲೊಲ್ಲದು, ಮೇಲೆ ಕೆಳಗೆ ಕುಣಿಯಿತು. ಅವರು ಮೂಗು ಎತ್ತಿ ಗಾಳಿಯನ್ನು ಪರೀಕ್ಷಿಸಿ, ಮೂಲೆಯ ಹೀಟರಿನ ಕಡೆ ಬೆರಳು ತೋರಿಸಿದರು. "ಅದರ ಗಾಳಿ ಬಡೀತೈತಿ. ಕಿರಾಣಿ ಅಂಗಡ್ಯಾವರು ಫ್ಯಾನ್ ಹಚ್ಚಿ ಇದ ಆಟ ಆಡ್ತಿದ್ರು. ತಕ್ಕಡಿ ಒಳಗ ಒಯ್ಯರಿ."

ತಕ್ಕಡಿ ಅಡುಗೆಮನೆಗೆ ಹೋಯಿತು. ಅಕ್ಷಯಾ ಚಟ್ನಿ ರುಬ್ಬುವುದನ್ನು ನಿಲ್ಲಿಸಿ, ತನ್ನ ಕೊತ್ತಂಬರಿಯ ಪಕ್ಕದಲ್ಲಿ ಸಾಲಾಗಿ ನಿಂತ ತೋಟಾಗಳನ್ನು ನೋಡಿದಳು. ನೀಲಕಂಠಪ್ಪನವರು ಒಂದು ನೋಟ್‌ಬುಕ್ ಕೇಳಿ ಪಡೆದು, ಅಡ್ಡಗೆರೆ ಉದ್ದಗೆರೆ ಎಳೆದು, ಪ್ರತಿ ತೋಟಾಕ್ಕೂ ಕ್ರಮಸಂಖ್ಯೆ ಕೊಟ್ಟರು. ಮಿಕ್ಸಿ ಹಾಕಕೂಡದು, ಕಿಟಕಿ ತೆರೆಯಕೂಡದು, ತೂಗುವಾಗ ಯಾರೂ ಉಸಿರು ಬಿಡಕೂಡದು ಎಂದು ಅಪ್ಪಣೆಯಾಯಿತು. ಮುಕ್ಕಾಲು ಗಂಟೆ ಮನೆ ಪರೀಕ್ಷಾ ಕೊಠಡಿಯಂತಿತ್ತು.

ಕೊನೆಗೆ ಮೂವರಿಗೂ ಒಂದೊಂದು ಆರೋಪಿ ಸಿಕ್ಕಿತು. ನೀಲಕಂಠಪ್ಪನವರಿಗೆ ತೂಕದ ಮೇಲೆ ಒಂಬತ್ತನೆಯದು. ಸಲೀಮನಿಗೆ ಸದ್ದಿನ ಮೇಲೆ ಹದಿನೇಳನೆಯದು. ಬದರಿನಾಥನಿಗೆ, ಕಾರಣ ಹೇಳಲಾರದಿದ್ದರೂ, ನಾಲ್ಕನೆಯದು.

"ಮೂರನ್ನೂ ಪಕ್ಕಕ್ಕಿಟ್ಟು ಉಳಿದ ಹದಿನೇಳು ಹೊಡೆದ್ರಾಯ್ತು," ಅಂದ ಸಲೀಂ.

ಅಕ್ಷಯಾ ಕೈ ಒರೆಸಿಕೊಂಡು ಬಂದಳು. "ತಪ್ಪಿದ್ದು ಆ ಹದಿನೇಳರಲ್ಲಿ ಇಲ್ಲ ಅಂತ ಯಾರು ಹೇಳಿದ್ದು? ಇಪ್ಪತ್ತನ್ನೂ ಬಿಚ್ಚಿ ನೋಡೋಕಾಗಲ್ವಾ?"

ಬದರಿನಾಥನಿಗೆ ಇದು ಹತ್ತೂವರೆಗೇ ಗೊತ್ತಿತ್ತು. ಬಿಚ್ಚಿದರೆ ಎರಡು ಗಂಟೆಗಿದ್ದ ಸರದಿ ಹೋಗುತ್ತದೆಂಬುದೂ ಗೊತ್ತಿತ್ತು. ಅದಕ್ಕೇ ತಕ್ಕಡಿ, ಅದಕ್ಕೇ ಕಿವಿ. ಅವನು ಹೆಂಡತಿಯ ಮುಖ ನೋಡಿದ. ಅವಳು ಗದರಲಿಲ್ಲ, ಸುಮ್ಮನೆ ಅವನ ಕಣ್ಣನ್ನೇ ನೋಡುತ್ತಿದ್ದಳು. ರೈಫಲ್ ಸಿಡಿದರೆ ಮೊದಲು ಹೋಗುವುದು ಅದೇ ಕಣ್ಣು.

"ಬಿಚ್ಚೋಣ," ಅಂದ.

ಬಿಚ್ಚಲು ಸುತ್ತಿಗೆಯಂಥದೊಂದು ಪ್ಲಾಸ್ಟಿಕ್ ಸಾಧನವಿದೆ. ಅದರ ತಲೆಯಲ್ಲಿ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ನಾಲ್ಕೈದು ಏಟು ಕೊಟ್ಟರೆ ಗುಂಡೂ ಮದ್ದೂ ಒಳಗೇ ಉದುರುತ್ತವೆ. ಗ್ಯಾರೇಜಿನ ಹೀಟರ್ ಆರಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಬದರಿನಾಥ ಟಕ್ ಟಕ್ ಎಂದು ಶುರುಮಾಡಿದ. ಹೊಸದಾಗಿ ಮನೆ ಕಟ್ಟುವವರಷ್ಟು ಸದ್ದಾಯಿತು. ಸಲೀಮನ ಹೆಂಡತಿ ಖುರ್ಷಿದಾ ಫೋನ್ ಮಾಡಿ, "ಏನು ಕಪಾಟು ಜೋಡಿಸ್ತಿದೀರಾ?" ಎಂದು ವಿಚಾರಿಸಿದಳು. ಒಂದೊಂದರ ಮದ್ದನ್ನೂ ನೀಲಕಂಠಪ್ಪನವರು ತೂಗಿ, ಬರೆದು, ಪಕ್ಕದಲ್ಲಿ ಸಹಿ ಹಾಕಿದರು.

ಒಂಬತ್ತನೆಯದು ಸರಿ ಇತ್ತು. ಹದಿನೇಳನೆಯದೂ ಸರಿ, ನಾಲ್ಕನೆಯದೂ ಸರಿ. ಇಪ್ಪತ್ತನೆಯದನ್ನು ಬಿಚ್ಚಿದಾಗ ಮೂವರೂ ತಕ್ಕಡಿಯ ಮೇಲೆ ಬಗ್ಗಿದರು. ಅದೂ ಸರಿ ಇತ್ತು. ಇಪ್ಪತ್ತರಲ್ಲಿ ಒಂದಕ್ಕೂ ಒಂದು ಚಿಟಿಕೆ ಹೆಚ್ಚಿರಲಿಲ್ಲ, ಕಡಿಮೆ ಇರಲಿಲ್ಲ.

"ಇಷ್ಟ್ ಕರಾರುವಾಕ್ಕು ತೂಕ ನನ್ನ ಸರ್ವಿಸಿನ್ಯಾಗ ನೋಡಿಲ್ಲ," ಅಂದರು ನೀಲಕಂಠಪ್ಪನವರು. ಬದರಿನಾಥನಿಗೆ ಹೊಗಳಿಕೆ ಕಹಿಯಾಗಿ ಕೇಳಿಸಿತು.

ಗಂಟೆ ಒಂದೂ ಇಪ್ಪತ್ತು. "ಇನ್ನೂ ಟೈಮಿದೆ. ಬೇಗ ಬೇಗ ತುಂಬು," ಅಂದ ಸಲೀಂ.

ಬದರಿನಾಥನ ಕೈ ಹಿಡಿಕೆಯವರೆಗೆ ಹೋಯಿತು. ಹಾಗೇ ಹಿಂದಕ್ಕೆ ಬಂತು. "ಬೇಡ ಸಲೀಂ. ನಿಧಾನವಾಗಿ ಮಾಡಿದಾಗಲೇ ಅನುಮಾನ ಬಂತು. ಅವಸರದಲ್ಲಿ ಮಾಡಿದ್ದನ್ನ ನಾನು ನಂಬಲ್ಲ." ಯಂತ್ರಕ್ಕೆ ಬಟ್ಟೆ ಹೊದಿಸಿದ.

ಆದರೂ ಕ್ಲಬ್ಬಿಗೆ ಹೋದರು. ಬೇರೆಯವರ ವೇಗವನ್ನಾದರೂ ನೋಡಬಹುದಿತ್ತು. ಅವನ ಸರದಿ ಬಂದಾಗ ಖಾಲಿ ಕೈಯಲ್ಲಿ ನಿಂತವನನ್ನು ಕಂಡು ಕ್ಲಬ್ಬಿನ ಅಧ್ಯಕ್ಷೆ, ಬಿಳಿಗೂದಲ ಅಜ್ಜಿ, ಕಾರಣ ಕೇಳಿದರು. ಅವನು ಕೊತ್ತಂಬರಿಯಿಂದ ಹಿಡಿದು ಇಪ್ಪತ್ತನೆಯ ತೋಟಾದವರೆಗೆ ಹೇಳಿದ. ಅಜ್ಜಿ ಗುಂಡು ಹಾರಿಸುವುದನ್ನು ನಿಲ್ಲಿಸಲು ಹೇಳಿ ಎಲ್ಲರನ್ನೂ ಕರೆದರು. ತಮ್ಮ ಗಂಡನ ಬಲಗೈಯ ಎರಡು ಬೆರಳು ಹೋದದ್ದು ಇಂಥದೇ ಒಂದು ಅನುಮಾನವನ್ನು ಅವನು ಲೆಕ್ಕಿಸದೆ ಇದ್ದುದರಿಂದ ಎಂದರು. ಇಂಥ ಮನುಷ್ಯನಿಗಾಗಿಯೇ ಕ್ಲಬ್ಬು ಕಾಯುತ್ತಿತ್ತು ಎಂದರು. ಚಪ್ಪಾಳೆ ಬಿತ್ತು. ಬದರಿನಾಥನಿಗೆ ಕಿತ್ತಳೆ ಬಣ್ಣದ ಅಂಗಿ ತೊಡಿಸಿ, ಒಂದು ವರ್ಷದ ಮಟ್ಟಿಗೆ ಪ್ರತಿ ಶನಿವಾರದ ಸುರಕ್ಷತಾ ಅಧಿಕಾರಿ ಎಂದು ಸಾರಿದರು. ಅವರು ಚಾಚಿದ ಒಪ್ಪಿಗೆ ಪತ್ರಕ್ಕೆ ಅವನು ಸಹಿ ಹಾಕಿದ.

ಹಾಕಿದ ಮೇಲೆ ಕೇಳಿದ, ಹಾಗಾದರೆ ಮುಂದಿನ ಶನಿವಾರ ತನ್ನ ಸರದಿ ಎಷ್ಟು ಗಂಟೆಗೆ ಎಂದು.

ಅಜ್ಜಿ ನಕ್ಕರು. ಆ ಅಂಗಿ ತೊಟ್ಟವರು ಗುಂಡು ಹಾರಿಸುವಂತಿಲ್ಲ, ಹಾರಿಸುವವರನ್ನು ನೋಡುತ್ತಿರಬೇಕು.

ಬದರಿನಾಥ ಸಲೀಮನನ್ನು ಪಕ್ಕಕ್ಕೆ ಎಳೆದ. "ಪರವಾಗಿಲ್ಲ. ನಾನು ತುಂಬಿಕೊಡ್ತೀನಿ, ನೀನು ಹೊಡಿ. ನಾನು ನಂಬರ್ ಓದ್ಕೋತೀನಿ."

"ಅದಕ್ಕೇನು, ಹೊಡೀತೀನಿ," ಅಂದ ಸಲೀಂ.

ಅಷ್ಟರಲ್ಲಿ ಅಜ್ಜಿ ಒಂದು ಹಾಳೆ ತಂದು ಹೊಸ ಅಧಿಕಾರಿಯ ಕೈಗಿತ್ತರು. ಗುಂಡು ಹಾರಿಸುವುದು ಮತ್ತೆ ಶುರುವಾಗುವ ಮೊದಲು ನಿಯಮಗಳನ್ನು ಗಟ್ಟಿಯಾಗಿ ಓದುವುದು ಅವನ ಮೊದಲ ಕರ್ತವ್ಯ. ಸಾಲಾಗಿ ನಿಂತವರ ಮುಂದೆ ಬದರಿನಾಥ ಗಂಟಲು ಸರಿಮಾಡಿಕೊಂಡು ಓದಿದ. ಆರನೆಯ ನಿಯಮದವರೆಗೆ ದನಿ ಕಂಚಿನಂತಿತ್ತು. ಏಳಕ್ಕೆ ಬಂದಾಗ ಇಳಿಯಿತು. ಕೇಳಿಸಲಿಲ್ಲ, ಇನ್ನೊಮ್ಮೆ ಓದಿ ಎಂದರು ಹಿಂದಿನ ಸಾಲಿನವರು.

ಅವನು ಸಲೀಮನ ಮುಖ ನೋಡದೆ ಇನ್ನೊಮ್ಮೆ ಓದಿದ: ಕೈಯಾರೆ ತುಂಬಿದ ತೋಟಾವನ್ನು ತುಂಬಿದವರ ಹೊರತು ಬೇರಾರೂ ಹಾರಿಸತಕ್ಕದ್ದಲ್ಲ.